ನಿನ್ನ ಮೂರು ಕೆಂಪು ಚಿಪ್ಪುಗಳು

ಬುಧವಾರ, ತಾರೀಖು ೧೪
ಮಧ್ಯಾಹ್ನ, ಊಟದ ಹೊತ್ತು ಮೀರಿದ ಮೇಲೆ

ಪ್ರೀತಿಯ ಅಕ್ಕಾ,

ನೀನು ಚೆನ್ನಾಗಿದ್ದೀಯ ಎಂದು ಭಾನುವಾರದ ಫೋನಿನಲ್ಲೇ ತಿಳಿದಿದೆ, ಮತ್ತೆ ವಿಚಾರಿಸುವುದಿಲ್ಲ. ನಾವೂ ಹಾಗೇ ಇದ್ದೇವೆ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ನೀನು ಪ್ರತಿ ವಾರ “ನನ್ನ ಮೂರು ಜನ ಹೇಗಿದ್ದಾರೆ ಕಣೇ?” ಅಂತ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿ ಚೆನ್ನಾಗಿದ್ದಾರೆ ಅಂದುಬಿಡುತ್ತದೆ. ಕೈ ಸ್ವಲ್ಪ ನಿಧಾನ. ಅದಕ್ಕೇ ಪತ್ರ.

ಮೂರು ಜನ ಇಲ್ಲ ಅಕ್ಕಾ. ನಿನ್ನ ಚಿಪ್ಪುಗಳಲ್ಲಿ ದೊಡ್ಡದು ಸತ್ತುಹೋಗಿ ಇಪ್ಪತ್ತು ದಿನವಾಯಿತು. ಮಚ್ಚೆಯಿದ್ದದ್ದು ಹೋದ ಗುರುವಾರ ಹೋಯಿತು. ನಡುವೆ ನಾನು ಕಳಿಸಿದ ಫೋಟೋ ಹಳೆಯದು. ಅದನ್ನು ನೋಡಿ ನೀನು ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ಅಂದಾಗ ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ನಿಂತು ಹೂಂ ಅಂದೆ.

ಮೊದಲು ನಾನು ಅವುಗಳಿಗೆ ಊಟಕ್ಕೆ ಹಾಕುವ ಪಾಚಿನೀರಿನ ಮೇಲೆ ತಪ್ಪು ಹೊರಿಸಿದೆ. ಬಾಟಲಿ ಹಳೆಯದಿರಬೇಕು, ಹಸಿರು ತಿಳಿಯಾಗಿತ್ತು ಅಂತ. ಆಮೇಲೆ ಸೆಕೆಯ ಮೇಲೆ. ಆಮೇಲೆ ಇವರ ಮೇಲೆ. ಉಪ್ಪುನೀರಿನ ತೊಟ್ಟಿಯಿಂದ ಆವಿಯಾದ ನೀರಿನ ಬದಲಿಗೆ ಸಿಹಿನೀರು ಸುರಿಯುವಾಗ ಒಂದು ಚೊಂಬು ಜಾಸ್ತಿ ಸುರಿದರು ಅಂತ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಪಾಪ, ಪ್ರೆಸ್ಸಿನಲ್ಲಿ ಎರಡು ಪಾಳಿ ದುಡಿದು ಬಂದವರು, ಉಪ್ಪು ಅಳೆಯುವ ಕೊಳವೆಯನ್ನು ಬೆಳಕಿಗೆ ಹಿಡಿದು “ಉಪ್ಪು ಸರಿಯಾಗೇ ಇದೆ ಮಾರಾಯ್ತಿ. ಈ ಮನೇಲಿ ಅದೊಂದೇ ಸರಿಯಾಗಿರೋದು” ಅಂದರು.

ನಿಜ ಏನೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ನೀನು ಆರು ತಿಂಗಳ ಕೆಲಸಕ್ಕೆ ಆ ಕಡಲದಂಡೆಯ ಲ್ಯಾಬಿಗೆ ಹೊರಟಾಗ ತೊಟ್ಟಿಯ ಜೊತೆ ಆರು ಪುಟ ಬರೆದು ಕೊಟ್ಟೆಯಲ್ಲ, ಅದರ ಎರಡನೆಯ ಪುಟದಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದೀಯ: ಊಟ ಹಾಕುವ ಮೊದಲು ಫಿಲ್ಟರ್ ನಿಲ್ಲಿಸು, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕು. ಈ ಚಿಪ್ಪುಗಳು ಬಾಯಿ ತೆರೆದು, ಆ ಕೆಂಪು ಎಳೆಗಳನ್ನು ಚಾಚಿ, ಹಾದುಹೋಗುವ ನೀರನ್ನು ಸೋಸಿ ಕಣ್ಣಿಗೆ ಕಾಣದಂಥ ಪಾಚಿಯನ್ನು ತಿನ್ನುತ್ತವೆ. ಫಿಲ್ಟರ್ ಓಡುತ್ತಿದ್ದರೆ ಅವುಗಳಿಗಿಂತ ಮೊದಲು ಅದೇ ಸೋಸಿಬಿಡುತ್ತದೆ. ಪ್ರಾಣಿಶಾಸ್ತ್ರದಲ್ಲಿ ಮೊದಲ ದರ್ಜೆ ಬಂದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೀನು ಹೇಳಿದ್ದೆ.

ನಾನು ನಿಲ್ಲಿಸಲಿಲ್ಲ ಅಕ್ಕಾ. ಮೊದಲ ವಾರ ನಿಲ್ಲಿಸಿದೆ, ಆಮೇಲೆ ಒಂದು ದಿನವೂ ಇಲ್ಲ.

ಮಗು ಆ ಫಿಲ್ಟರಿನ ಗುಂಯ್‌ಗುಡುವ ಸದ್ದಿಗೇ ಮಲಗುತ್ತಾಳೆ. ಗಾಳಿ ಆಡುವುದು ಹೊರಕೋಣೆಯಲ್ಲಿ ಮಾತ್ರ, ಅವಳ ತೊಟ್ಟಿಲು ನಿನ್ನ ತೊಟ್ಟಿಯ ಪಕ್ಕದಲ್ಲೇ ಇದೆ. ಎಂಥ ಲಾಲಿಗೂ ಮುಚ್ಚದ ಕಣ್ಣು ಆ ಸದ್ದಿಗೆ ಮುಚ್ಚುತ್ತದೆ. ಸ್ವಿಚ್ಚು ಆರಿಸಿದ ಕ್ಷಣ, ಯಾರೋ ಚಿವುಟಿದ ಹಾಗೆ, ಕಿರ್ರೋ ಅಂತ ಶುರು. ನಾಲ್ಕು ತಿಂಗಳ ಕೂಸು. ಒಮ್ಮೆ ಎದ್ದರೆ ಎರಡು ಗಂಟೆ ಹೆಗಲ ಮೇಲೆ. ಆ ಸದ್ದನ್ನು ಫೋನಿನಲ್ಲಿ ಹಿಡಿದು ಕಿವಿಯ ಹತ್ತಿರ ಇಡೋಣ ಅಂದರು ಇವರು. ಇಟ್ಟೆವು. ಅವಳು ಫೋನನ್ನು ನೋಡಿ ನಕ್ಕಳು, ಮಲಗಲಿಲ್ಲ. “ಥೇಟ್ ದೊಡ್ಡಮ್ಮನ ಹಾಗೆ, ಅಸಲಿ ಸಾಮಾನೇ ಬೇಕು” ಅಂದರು.

ಹಾಗಾಗಿ ದಿನಕ್ಕೆ ಮೂರು ಸಲ ನಾನು ಮಾಡಿದ್ದು ಇಷ್ಟು: ಸಿರಿಂಜಿನಲ್ಲಿ ಪಾಚಿನೀರು ಎಳೆದು, ತುದಿಕಾಲಲ್ಲಿ ಹೋಗಿ, ಚಿಪ್ಪಿನ ಬಾಯಿಯ ಹತ್ತಿರವೇ ಬಿಟ್ಟುಬಿಡುವುದು. ಹತ್ತಿರ ಬಿಟ್ಟರೆ ಒಂದಿಷ್ಟಾದರೂ ಒಳಗೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಸಿರು ಹೊಗೆಯ ಹಾಗೆ ಅದು ಒಂದು ಸುತ್ತು ತಿರುಗಿ ಫಿಲ್ಟರಿನ ಕೊಳವೆಯೊಳಗೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ನೋಡಿಯೂ ಹೋಗಿ ಮಲಗುತ್ತಿದ್ದೆ. ಮಲಗುತ್ತಿದ್ದೆ ಅಂದರೆ ಇಪ್ಪತ್ತು ನಿಮಿಷ.

ಹಸಿವು ಅವುಗಳಲ್ಲಿ ಗೊತ್ತೇ ಆಗುವುದಿಲ್ಲ, ಅದೇ ನನ್ನನ್ನು ತಿನ್ನುತ್ತಿರುವುದು. ಅಳುವುದಿಲ್ಲ, ಮುಖ ತಿರುಗಿಸುವುದಿಲ್ಲ. ಎಳೆಗಳನ್ನು ಚಾಚಿಕೊಂಡೇ ಇರುತ್ತವೆ. ದೊಡ್ಡದರ ಕೆಂಪು ಅಂಚು ಒಳಗೊಳಗೆ ಸರಿಯಿತು, ಬೆರಳು ಹತ್ತಿರ ತಂದರೆ ಫಟ್ಟನೆ ಮುಚ್ಚುತ್ತಿದ್ದ ಚಿಪ್ಪು ಯೋಚನೆ ಮಾಡಿ ಮುಚ್ಚುವ ಹಾಗಾಯಿತು. ಒಂದು ಬೆಳಿಗ್ಗೆ ಮುಚ್ಚಲೇ ಇಲ್ಲ. ನಾನು ತಡವಾಗಿ ನೋಡಿದೆ. ಅಷ್ಟು ಹೊತ್ತಿಗೆ ನೀರು ಮಬ್ಬಾಗಿ ವಾಸನೆ ಹೊಡೆಯುತ್ತಿತ್ತು. ಅರ್ಧ ತೊಟ್ಟಿ ನೀರು ಬದಲಾಯಿಸಿದೆ, ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ.

ಎರಡನೆಯದೂ ಹೋದ ಮೇಲೆ ಒಂದು ಸೀಸೆಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಸಾಕುಮೀನಿನ ಅಂಗಡಿಗೆ ಹೋದೆ. ಪಾಚಿನೀರು ಕೊಡುವ ಅಂಗಡಿಯಮ್ಮ ನಿನಗೆ ಗೊತ್ತಲ್ಲ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ಸೀಸೆಯನ್ನು ಅಲ್ಲಾಡಿಸಿ ನೋಡಿ, “ಏನಮ್ಮಾ ಇದು, ನೀರನ್ನ ತೊಳೆದು ಒಣಗಿಸಿ ಇಟ್ಟಿದ್ದೀಯಾ? ಇದರಲ್ಲಿ ಅದು ತಿನ್ನೋದೇನು, ಗಾಳೀನಾ?” ಅಂದರು. ನಾನು ಪುಸ್ತಕದ ಮಾತು ಆಡಲು ಹೊರಟೆ. “ನೀನು ಓದಿದೋಳು ಸರಿ. ಅದು ಓದಿಲ್ಲ, ಅದಕ್ಕೆ ಹಸಿವಾಗುತ್ತೆ” ಅಂದರು. ಮಗು ಅವರ ಬಳೆ ಹಿಡಿದು ಎಳೆಯುತ್ತಿದ್ದಳು. ನಗು ಬಂತೋ ಅಳು ಬಂತೋ ಗೊತ್ತಿಲ್ಲ.

ಈಗಲಾದರೂ ನಿಲ್ಲಿಸಬಹುದಲ್ಲ ಅನ್ನುತ್ತೀಯ. ಎರಡು ಸಾವಿನಿಂದ ನೀರಿಗೆ ಸೇರಿದ, ಕಣ್ಣಿಗೆ ಕಾಣದ ಕೊಳೆ ಹೋಗಬೇಕಾದರೆ ಫಿಲ್ಟರ್ ಬಿಡದೆ ಓಡಬೇಕು. ಓಡಿದರೆ ಉಳಿದ ಒಂದಕ್ಕೆ ಊಟವಿಲ್ಲ. ನಿಲ್ಲಿಸಿದರೆ ನೀರೇ ವಿಷ. ಅದರ ಅಂಚೂ ಸರಿಯಲು ಶುರುವಾಗಿತ್ತು. ಹೀಗೇ ಇದ್ದರೆ ಅದು ಇನ್ನೆಷ್ಟು ದಿನ ಬದುಕೀತೆಂದು ಕೇಳಿದಾಗ ಅಂಗಡಿಯಮ್ಮ ಒಂದು ಬೆರಳು ತೋರಿಸಿದರು. ಒಂದು ವಾರ.

ಸೋಮವಾರ ಮಧ್ಯಾಹ್ನ ಅದನ್ನು ಅವರಿಗೆ ಕೊಟ್ಟುಬಂದೆ. ಹಿಂದಿನ ಕೋಣೆಯಲ್ಲಿ ಅವರದೊಂದು ಹಳೆಯ ತೊಟ್ಟಿ ಇದೆ, ಫಿಲ್ಟರ್ ಇಲ್ಲ, ಕಲ್ಲಿನ ತುಂಬ ಪಾಚಿ, ಗಾಜು ಉಜ್ಜಿ ವರ್ಷವಾಗಿರಬೇಕು. ನೀನು ನೋಡಿದರೆ ಮೂಗು ಮುರಿಯುತ್ತಿದ್ದೆ. ಕೊಟ್ಟರೆ ಮತ್ತೆ ವಾಪಸ್ ಕೇಳಬಾರದು, ಎತ್ತಿ ಇಳಿಸಿ ಆಡಿಸೋಕೆ ಅದು ಗೊಂಬೆಯಲ್ಲ ಎಂದು ಮೊದಲೇ ಹೇಳಿದ್ದರು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ನೀನು ಇನ್ನೆರಡು ದಿನ ನೋಡು ಅನ್ನುತ್ತಿದ್ದೆ, ನಾನೂ ಹೂಂ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲಲೂ ಇಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಕಲ್ಲಿಗೆ ನೂಲು ಬಿಟ್ಟು ಅಂಟಿಕೊಂಡಿದೆಯಂತೆ, ಮುಟ್ಟಲು ಹೋದರೆ ಮುಚ್ಚಿಕೊಳ್ಳುತ್ತದಂತೆ. “ಸಿಟ್ಟು ಬಂದಿದೆ ಅದಕ್ಕೆ, ಬದುಕುತ್ತೆ” ಅಂದರು.

ನಿನಗೂ ಸಿಟ್ಟು ಬರಲಿ. ಆ ಮೂರನ್ನು ನೀನು ಎಲ್ಲಿಂದ, ಹೇಗೆ, ಮಡಿಲಲ್ಲಿಟ್ಟುಕೊಂಡು ತಂದೆ ಎಂದು ನನಗೆ ಗೊತ್ತು. ಊರಲ್ಲಿ ಅಷ್ಟು ಸ್ನೇಹಿತರಿದ್ದರೂ ನಮ್ಮ ಮನೆಯಲ್ಲೇ ಬಿಟ್ಟೆ. ಅದನ್ನು ನೆನೆದರೆ ಈ ಪತ್ರವನ್ನೂ ಹರಿಯಬೇಕು ಅನ್ನಿಸುತ್ತದೆ, ಆದ್ದರಿಂದ ಇಲ್ಲಿಗೇ ನಿಲ್ಲಿಸಿ ಅಂಟು ಹಚ್ಚುತ್ತೇನೆ.

ಬೈಗುಳಕ್ಕೆ ಕಾದು ಕೂತಿರುವ,
ನಿನ್ನ ಬೆನ್ನಿಗಂಟಿದ ಬಾಲ

ಮರೆತ ವಿಷಯ: ಮರೆತು ಬಿಟ್ಟದ್ದಲ್ಲ, ಬೇಕೆಂದೇ ಮೇಲೆ ಬರೆಯದೆ ಬಿಟ್ಟದ್ದು. ಸೋಮವಾರ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದ ಹಾಗೆ, ಹೆಜ್ಜೆ ಎಣಿಸಿಕೊಂಡು ಹೋದೆ. ಚಿಪ್ಪನ್ನು ಇಳಿಸಿದ ಮೇಲೆ ಅಂಗಡಿಯಮ್ಮ “ಇವತ್ತು ಪುಟಾಣೀನ ಯಾರ ಹತ್ರ ಬಿಟ್ಟು ಬಂದೆ?” ಅಂದರು. ನನ್ನ ತೋಳಿನ ಮೇಲೆ ಅವಳ ಟವೆಲ್ ಮಾತ್ರ ಇತ್ತು. ಯಾರ ಹತ್ರವೂ ಬಿಟ್ಟಿರಲಿಲ್ಲ ಅಕ್ಕಾ. ಓಡಿ ಬಂದು ನೋಡಿದರೆ ಬಾಗಿಲಿಗೆ ಬೀಗವೂ ಇಲ್ಲ. ಹೋಗಿ ಬಂದದ್ದೆಲ್ಲ ಸೇರಿ ಮೂವತ್ತೈದು ನಿಮಿಷ. ಅವಳು ಎದ್ದಿದ್ದಳು, ಅಳುತ್ತಿರಲಿಲ್ಲ, ತನ್ನ ಮುಷ್ಟಿಯನ್ನೇ ನೋಡುತ್ತಾ ಮಲಗಿದ್ದಳು. ಇವರಿಗೆ ಹೇಳಿಲ್ಲ. ಅಂದಿನಿಂದ ಹೊಸ್ತಿಲು ದಾಟುವಾಗಲೆಲ್ಲ, ಅವಳು ತೋಳಲ್ಲೇ ಇದ್ದರೂ, ಮುಟ್ಟಿ ನೋಡಿಕೊಳ್ಳುತ್ತೇನೆ. ಚಿಪ್ಪುಗಳಿಗಾಗಿ ಎಷ್ಟು ಬೈಯಬೇಕೋ ಬೈ, ಆದರೆ ರಜೆ ಹಾಕಿ ಬಂದು ಬೈ. ನಾಲ್ಕು ದಿನ ಸಾಕು. ನಾನು ಮಲಗಬೇಕು.