ಬಚ್ಚಲ ಒಲೆಯ ಪಕ್ಕದ ಮೂರು ಬಾಟಲಿ

ರೋಣ
ಗುರುವಾರ, ೨೩ ಜನವರಿ ೨೦೨೫

ನನ್ನ ಮೂಗನ್ನು ನನಗಿಂತ ಹೆಚ್ಚು ನಂಬಿದ ಶಬಾನಾ,

ಗಜೇಂದ್ರಗಡದಲ್ಲಿ ನೀನೂ ನಿನ್ನ ಕಾಲೇಜಿನ ಹುಡುಗಿಯರೂ ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಅಲ್ಲಲ್ಲಿ ಹಾರಿದರೆ ಬೇಸರ ಮಾಡಿಕೊಳ್ಳಬೇಡ. ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಕೂತಿದ್ದೇನೆ, ತೂಗಿದಾಗೆಲ್ಲ ಕೈಯೂ ಜಗ್ಗುತ್ತದೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ಧ್ವನಿ ಕೇಳಿದರೆ ಕೂಸು ಏಳುತ್ತದೆ, ಅದು ಎದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಇದು ಅರ್ಧಕ್ಕೆ ನಿಲ್ಲಿಸುವ ಮಾತಲ್ಲ.

ಇಲ್ಲಿ ತವರಿನಲ್ಲಿ ಎಲ್ಲ ಆರಾಮ. ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ, ಚೆನ್ನಾಗಿ ಮಲಗುತ್ತದೆ. ಮಲಗದವಳು ನಾನು. ಅದರ ಉಸಿರು ಮೆಲ್ಲಗಾದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಉಸಿರು ಜೋರಾದರೆ ಎದೆಗೆ ಕಿವಿ ಇಡುತ್ತೇನೆ. ಕೂಸು ಮಲಗಿದರೂ ಕಾವಲುಗಾರ್ತಿ ಮಲಗುವುದಿಲ್ಲ ಎಂದು ಅವ್ವ ಓಣಿಯವರ ಮುಂದೆಲ್ಲ ನನ್ನನ್ನು ಆಡಿಕೊಂಡಿದ್ದಾಳೆ. ಆಡಿಕೊಳ್ಳಲಿ. ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ.

ಹೋದ ತಿಂಗಳು ನೀನು ಕೇಳಿದ್ದೆಯಲ್ಲ, ಅಮೆರಿಕದ ಬಿಯರ್ ಬೇರೆ, ಇಂಗ್ಲೆಂಡಿನ ಏಲ್ ಬೇರೆ ಅನ್ನುತ್ತೀ, ಎಲ್ಲಾ ಕಹಿನೀರೇ ಅಲ್ಲವೇನು ಅಂತ? ಮೊದಲು ಅದಕ್ಕೆ ಉತ್ತರ ಹೇಳುತ್ತೇನೆ. ಅದು ತಿಳಿಯದೆ ಮುಂದಿನದು ನಿನಗೆ ತಿಳಿಯುವುದಿಲ್ಲ. ನೀನು ಕುಡಿಯುವವಳಲ್ಲ, ನಾನೂ ಕೆಲಸಕ್ಕಾಗಿ ಬಾಯಲ್ಲಿ ಆಡಿಸಿ ಉಗುಳುವವಳೇ ಹೊರತು ನುಂಗುವವಳಲ್ಲ. ಹಾಗಾಗಿ ಮನೆಯ ಭಾಷೆಯಲ್ಲೇ ಹೇಳುತ್ತೇನೆ.

ಇಂಗ್ಲೆಂಡಿನ ಏಲ್, ಅದೂ ಒಂದು ಬಗೆಯ ಬಿಯರೇ, ನಮ್ಮ ಸೋದರಮಾವನ ಹಾಗೆ. ಮನೆಗೆ ಬಂದರೆ ಕೈಕಾಲು ತೊಳೆದು, ನೀರು ಕುಡಿದು, ಗೋಡೆಗೆ ಒರಗಿ ಕೂತ ಮೇಲೆಯೇ ಮಾತು. ಮೊದಲು ಹುರಿದ ಗೋಧಿಯ ವಾಸನೆ, ಅದರ ಹಿಂದೆ ಬೆಲ್ಲದ ಪಾಕ ಎಳೆ ಬರುವಾಗಿನ ಘಮ, ಕೊನೆಗೆ ಚಹಾ ಎಲೆಯಂಥ ತೆಳು ಕಹಿ. ನೊರೆಯೂ ಕಡಿಮೆ, ಅಮಲೂ ಕಡಿಮೆ. ಅಲ್ಲಿಯವರು ಅದನ್ನು ಕುಡಿಯುವುದು ನಮ್ಮ ಗಡಿಗೆ ನೀರಿನಷ್ಟು ತಂಪಿನಲ್ಲಿ, ಹಲ್ಲು ಜುಮ್ಮೆನ್ನುವ ತಂಪಿನಲ್ಲಲ್ಲ. ಅಮೆರಿಕದ ಸಣ್ಣಪುಟ್ಟ ತಯಾರಕರು ಅದೇ ಏಲನ್ನು ಕಲಿತು ಮಾಡಿದ್ದೇ ಬೇರೆ. ಅದು ಚಪ್ಪಲಿ ಬಿಡುವ ಮುಂಚೆಯೇ ಅಂಗಳದಿಂದ ಮಾತು ಶುರು ಮಾಡುವ ನಮ್ಮ ದೊಡ್ಡ ಅತ್ತಿಗೆ. ಬಿರಡೆ ತೆಗೆದ ಕೂಡಲೇ ಕಿತ್ತಳೆ ಸಿಪ್ಪೆ, ಮಾವಿನಕಾಯಿ ಸೊನೆ, ನಾಲಿಗೆಗೆ ಬಂದರೆ ಹಾಗಲಕಾಯಿ. ಇದೆಲ್ಲ ಹಾಪ್ ಎಂಬ ಬಳ್ಳಿಯ ಹೂವಿನ ಕರಾಮತ್ತು. ಇಂಗ್ಲೆಂಡಿನವರು ಅದನ್ನು ಚಿಟಿಕೆಯಲ್ಲಿ ಹಾಕಿದರೆ ಅಮೆರಿಕದವರು ಬೊಗಸೆಯಲ್ಲಿ ಸುರಿಯುತ್ತಾರೆ. ಯುರೋಪಿನ ಬೆಲ್ಜಿಯಂ ಕಡೆಯದು ಇವೆರಡೂ ಅಲ್ಲ. ಅಲ್ಲಿ ಬಾರ್ಲಿ ಕಾಳಿಗೂ ಹೂವಿಗೂ ಮುಂಚೆ ಮಾತಾಡುವುದು ಹುದುಗು ಬರಿಸುವ ಯೀಸ್ಟ್. ಲವಂಗ, ಕಳಿತ ಬಾಳೆಹಣ್ಣು, ಅಜ್ಜಿಯ ಟ್ರಂಕು ತೆರೆದಾಗಿನ ಒಂದು ಹಳೆಯ ಸುವಾಸನೆ.

ಯಾವುದು ಮೇಲು ಅಂತ ಮಾತ್ರ ಕೇಳಬೇಡ. ಜಾತ್ರೆ ಮಾಡುವುದಾದರೆ ಅಮೆರಿಕದ್ದು. ದಿನಾಲೂ ಎದುರು ಕೂತು ಮಾತಾಡುವುದಾದರೆ ಇಂಗ್ಲೆಂಡಿನದು.

ಈಗ ನಿನಗೆ ಗೊತ್ತಿಲ್ಲದ್ದು. ಬಸುರಿನ ಏಳನೇ ತಿಂಗಳಲ್ಲಿ ನನಗೆ ಜ್ವರ ಬಂದಿತ್ತೆಂದು ಬರೆದಿದ್ದೆ. ಜ್ವರ ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತೆಂದು ಬರೆದಿರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಮೂಗಿಗೆ ತಾಕಲಿಲ್ಲ. ಹಾಲು ಉಕ್ಕಿ ಸೀದದ್ದು ಗೊತ್ತಾಗಲಿಲ್ಲ. ಹಾಸ್ಟೆಲಿನಲ್ಲಿ ಹಾಲು ಒಡೆಯುವುದನ್ನು ಹಿಂದಿನ ದಿನವೇ ಹೇಳುತ್ತಿದ್ದ ನಿನ್ನ ಈ ಶೈಲಶ್ರೀ, ಹೆರಿಗೆಯಾದ ಮೇಲೆ ತನ್ನ ಕೂಸಿನ ನೆತ್ತಿ ಮೂಸಿದಳು, ಏನೂ ಬರಲಿಲ್ಲ. ಎಲ್ಲರೂ ಎಳೇ ಕೂಸಿನ ವಾಸನೆ ಎಷ್ಟು ಚೆಂದ ಅನ್ನುತ್ತಿದ್ದರು. ನಾನೂ ಹೌದು ಹೌದು ಅನ್ನುತ್ತಿದ್ದೆ. ಮನೆಯವರಿಗೂ ಹೇಳಲಿಲ್ಲ. ಈಚೆಗೆ ಒಂದಿಷ್ಟು ತಿರುಗಿ ಬಂದ ಹಾಗೆ ಇತ್ತು, ಆದರೆ ದಿನಾ ಸಂಜೆ ಅವ್ವ ಹಾಕುವ ಲೋಬಾನ, ಅಜವಾನದ ಹೊಗೆಯಲ್ಲಿ ಯಾವುದು ಖರೇ ಯಾವುದು ಭ್ರಮೆ ಅಂತ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯ ಬಿಯರ್ ಕಾರ್ಖಾನೆಯಿಂದ ನಮ್ಮ ಮಾಲೀಕರು ಕೊಟ್ರೇಶ ಸರ್ ಫೋನ್ ಮಾಡಿದರು. ರುಚಿ ನೋಡುವ ನನ್ನ ಕೆಲಸವನ್ನು ಸದ್ಯಕ್ಕೆ ಉಮೇಶ ಅನ್ನುವವರು ನಡೆಸುತ್ತಿದ್ದಾರೆ, ಅವರನ್ನೇ ಕಾಯಂ ಮಾಡುವ ವಿಚಾರವಿದೆಯಂತೆ. ಬಾಣಂತಿಗೆ ಇದೆಲ್ಲ ಯಾಕೆ, ಆಫೀಸಿನಲ್ಲಿ ಬೇರೆ ಏನಾದರೂ ನೋಡೋಣ ಅಂದರು. ಪ್ರೀತಿಯಿಂದಲೇ ಅಂದರು, ಅದಕ್ಕೇ ಹೆಚ್ಚು ಉರಿಯಿತು. ಚೀಟಿ ಹಚ್ಚದ ಬಾಟಲಿ ಕಳಿಸಿರಿ, ಯಾವ ದೇಶದ ರೀತಿಯದು, ಅದರಲ್ಲಿ ಕುಂದೇನಿದೆ ಹೇಳುತ್ತೇನೆ, ತಪ್ಪಿದರೆ ಕುರ್ಚಿ ಉಮೇಶ ಅವರದೇ ಅಂದುಬಿಟ್ಟೆ.

ಮೊನ್ನೆ ಮಂಗಳವಾರ ಮುಂಜಾನೆ ನಮ್ಮ ಮನೆಯವರು, ಸಿದ್ದಲಿಂಗ, ಹುಬ್ಬಳ್ಳಿಯಿಂದ ಬಿರಡೆಯ ಮೇಲೆ ಬರೀ ಅಂಕಿ ಬರೆದ ಮೂರು ಬಾಟಲಿಗಳನ್ನು ಐಸಿನಲ್ಲಿಟ್ಟು ತಂದರು. ಇಲ್ಲಿ ಒಂದು ಗುಟ್ಟಿದೆ ಶಬಾನಾ. ಅವ್ವನಿಗಾಗಲಿ ನರಗುಂದದ ಅತ್ತೆಗಾಗಲಿ ನಾನು ಬಿಯರ್ ಕಾರ್ಖಾನೆಯಲ್ಲಿ ಇದ್ದೇನೆಂದು ಗೊತ್ತಿರಲಿಲ್ಲ. ಮಾಲ್ಟ್ ಕಂಪನಿ ಅಂದಿದ್ದೆವು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್, ಆದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಮಕ್ಕಳಿಗೆ ಕುಡಿಸುವ ಹಿಟ್ಟು ಮಾಡುತ್ತಾರೆಂದು ಅವರು ತಿಳಿದುಕೊಂಡರು, ನಾವು ತಿದ್ದಲಿಲ್ಲ. ಮನೆಯವರು ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು, ಕಂಪನಿಯ ಸ್ಯಾಂಪಲ್, ಮಧ್ಯಾಹ್ನ ಶೈಲಾ ರುಚಿ ನೋಡಿ ಹೇಳಬೇಕು ಎಂದು ಅವ್ವನಿಗೆ ಹೇಳಿ ನರಗುಂದಕ್ಕೆ ಅಂಗಡಿ ತೆಗೆಯಲು ಹೋದರು. ನಾನು ಎರೆದುಕೊಂಡು, ಕೂಸಿಗೆ ಹಾಲು ಕುಡಿಸಿ, ಮುಂದಿನ ಹೊತ್ತಿನ ಹಾಲನ್ನು ಹಿಂಡಿ ಬಟ್ಟಲಲ್ಲಿಟ್ಟೆ. ಉಗುಳುತ್ತೇನೆಂದರೂ ಹೆದರಿಕೆ ಹೆದರಿಕೆಯೇ.

ಫ್ರಿಜ್ ತೆಗೆದರೆ ಬಾಟಲಿಗಳಿಲ್ಲ.

ಅವ್ವನನ್ನು ಕೇಳಿದೆ. ಬಚ್ಚಲ ಒಲೆಯ ಪಕ್ಕದಲ್ಲಿವೆ ಅಂದಳು. ನೀರು ಕಾಸಿದ ಕೆಂಡ ಇನ್ನೂ ಆರಿರಲಿಲ್ಲ. ಆ ಬೂದಿಯ ಪಕ್ಕದಲ್ಲಿ ಮೂರೂ ಬಾಟಲಿ ಸಾಲಾಗಿ, ಕುಂಚಿಗೆ ತೊಡಿಸಿದ ಕೂಸುಗಳಂತೆ ಹಳೇ ಸೀರೆಯ ತುಂಡು ಸುತ್ತಿಕೊಂಡು ಕೂತಿದ್ದವು. ಮುಟ್ಟಿದರೆ ಉಗುರು ಬೆಚ್ಚಗೆ. ನಾನು ಅಳುವುದೊಂದು ಬಾಕಿ. ಅವ್ವನಿಗೆ ಅಳುವಂಥದ್ದೇನೆಂದೇ ಅರ್ಥವಾಗಲಿಲ್ಲ.

"ಬಾಣಂತಿ ಬಾಯಾಗ ತಂಪು ಹೋಗಂಗಿಲ್ಲ," ಅಂದಳು. "ಕಂಪನೀದು ಇರಲಿ, ಸರಕಾರದ್ದು ಇರಲಿ. ನಾಳೆ ಕೂಸಿಗೆ ನೆಗಡಿ ಆದ್ರ ನಿಮ್ಮ ಸಾಹೇಬ ಬಂದು ಎದಿ ತಿಕ್ಕತಾನೇನು?"

ಮತ್ತೆ ತಂಪಾಗಿಸೋಣವೆಂದರೆ ಕರೆಂಟ್ ಹೋಗಿತ್ತು. ಕೊಟ್ರೇಶ ಸರ್ ಫೋನ್ ಮಾಡುವ ಹೊತ್ತು ಹತ್ತಿರ ಬಂದಿತ್ತು. ಹಾಳಾದರೆ ಹಾಳಾಗಲಿ ಎಂದು ಪಡಸಾಲೆಯಲ್ಲಿ ಮೂರು ಗಾಜಿನ ಲೋಟ ಇಟ್ಟುಕೊಂಡು ಕೂತೆ. ಮೊದಲ ಬಾಟಲಿಗೆ ಬೆಚ್ಚಗಾದದ್ದರ ಚಿಂತೆಯೇ ಇಲ್ಲ. ಹುರಿದ ಗೋಧಿ, ಬೆಲ್ಲ, ಚಹಾ ಎಲೆ. ನಮ್ಮ ಸೋದರಮಾವ ನಿಧಾನಕ್ಕೆ ಬಂದು ಗೋಡೆಗೆ ಒರಗಿದ. ಶಬಾನಾ, ಅದು ನನಗೆ ಬಂತು! ಮಂಜಾಗಿಯಾದರೂ ಬಂತು. ಮೂರನೆಯ ಬಾಟಲಿ ಬಿರಡೆ ತೆಗೆಯುತ್ತಲೇ ಉಕ್ಕಿ ನನ್ನ ಸೀರೆಯನ್ನೆಲ್ಲ ತೋಯಿಸಿತು. ಲವಂಗ, ಬಾಳೆಹಣ್ಣು, ಅಜ್ಜಿಯ ಟ್ರಂಕು. ಬೆಲ್ಜಿಯಂ. ಇದು ಸೋಡಾ ಏನೇ ಎಂದು ಅಡುಗೆಮನೆಯಿಂದ ಅವ್ವ ಕೇಳಿದಳು. ಹೂಂ ಅಂದೆ.

ನಡುವಿನದನ್ನು ಕಡೆಗೆ ತೆಗೆದೆ. ಕಿತ್ತಳೆ ಸಿಪ್ಪೆ, ಮಾವಿನ ಸೊನೆ, ಅಮೆರಿಕದ ಅತ್ತಿಗೆ ಅಂಗಳದಿಂದಲೇ ಶುರು. ಆದರೆ ಅವಳ ಬೆನ್ನ ಹಿಂದೆ ಇನ್ನೊಂದೇನೋ. ಬೆಣ್ಣೆ. ತುಪ್ಪ ಕಾಸಲು ಬೆಣ್ಣೆ ಇಟ್ಟಾಗ ಕರಗುತ್ತ ಬರುವ ಜಿಡ್ಡು ವಾಸನೆ. ಲೋಟ ಕೆಳಗಿಟ್ಟೆ. ನನ್ನ ಮೂಗಿನ ಮೇಲೆ ನನಗೇ ನಂಬಿಕೆಯಿಲ್ಲ. ಅಡುಗೆಮನೆ ಹತ್ತು ಹೆಜ್ಜೆ ಆಚೆಗಿದೆ, ಅವ್ವ ಒಲೆಯ ಮುಂದೆ ಇದ್ದಾಳೆ. ಒಲೆಯ ಮೇಲಿನದನ್ನು ಬಾಟಲಿಯಲ್ಲಿದೆ ಎಂದು ಹೇಳಿದರೆ ಅಲ್ಲಿಗೆ ಮುಗಿಯಿತು. ಕೂತಲ್ಲಿಂದಲೇ ಕೇಳಿದೆ, ಅವ್ವಾ, ಬೆಣ್ಣೆ ಕಾಸಾಕ ಇಟ್ಟೀಯೇನು ಅಂತ.

"ಬೆಣ್ಣಿ ಎಲ್ಲಿಂದ ಬಂತವಾ? ಬ್ಯಾಳಿ ಕುದಿಯಾಕ ಇಟ್ಟೀನಿ. ಮನ್ಯಾಗ ಬೆಣ್ಣಿ ತೀರಿ ವಾರ ಆತು."

ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮನೆಯಲ್ಲಿ ಬೆಣ್ಣೆ ಇಲ್ಲ. ಹಾಗಾದರೆ ಅದು ಬಾಟಲಿಯಲ್ಲೇ ಇದೆ, ನನ್ನ ಮೂಗು ಅದನ್ನು ಕಂಡುಹಿಡಿದಿದೆ.

ಫೋನ್ ಬಂತು. ಮೊದಲನೆಯದು ಇಂಗ್ಲೆಂಡ್, ಮೂರನೆಯದು ಬೆಲ್ಜಿಯಂ ಅಂದೆ, ಸರಿ ಅಂದರು. ನಡುವಿನದು ಅಮೆರಿಕದ ರೀತಿಯದು, ಆದರೆ ಅದರಲ್ಲಿ ಬೆಣ್ಣೆಯ ವಾಸನೆ ಬಂದಿದೆ, ಅದೇ ಕುಂದು ಅಂದೆ. ಆಮೇಲೆ ತಿಳಿಯಿತು, ಅದು ಅವರದೇ ಟ್ಯಾಂಕಿನದು. ಅಮೆರಿಕದ ರೀತಿಯಲ್ಲಿ ಅವರು ಮಾಡಿದ ಮೊದಲ ಏಲ್, ಶನಿವಾರ ಜನಕ್ಕೆ ಕೊಡುವುದಿತ್ತು. ಉಮೇಶ ಅವರೂ ಸೇರಿ ಎಲ್ಲರೂ ರುಚಿ ನೋಡಿ ಚಲೋ ಅಂದಿದ್ದರಂತೆ. ಎಲ್ಲರೂ ನೋಡಿದ್ದು ಐಸ್‌ನಂಥ ತಂಪಿನಲ್ಲಿ. ಅಷ್ಟು ತಂಪಿನಲ್ಲಿ ಬೆಣ್ಣೆ ಬಾಯಿ ಬಿಡುವುದಿಲ್ಲ. ನಮ್ಮ ಬಚ್ಚಲ ಒಲೆಯ ಮುಂದೆ ಬಿಟ್ಟಿತು. ಒಂದು ಲೋಟ ಸುರಿದುಕೊಂಡು ಅಂಗೈಗಳ ನಡುವೆ ಬೆಚ್ಚಗೆ ಮಾಡಿ ಮೂಸಿರಿ ಎಂದು ಅವರಿಗೆ ಹೇಳಿದೆ. ಕಾದೆ. ಕೂಸು ಎದ್ದಿತು, ಅವ್ವ ಬಂದು ಎತ್ತಿಕೊಂಡಳು. ಅತ್ತ ಕೊಟ್ರೇಶ ಸರ್ ಮೂಸಿ ನೋಡಿ ಅಂದರು.

"ಐತ್ರಿ ಮೇಡಂ. ಬೆಣ್ಣಿ ಐತಿ."

ಆಮೇಲೆ ವ್ಯಾಪಾರಸ್ಥರ ಬುದ್ಧಿ. ಇಂಗ್ಲೆಂಡಿನ ಕೆಲವು ಏಲ್‌ಗಳಲ್ಲಿ ಚೂರು ಬೆಣ್ಣೆ ನಡೆಯುತ್ತದಲ್ಲ, ಹೆಸರು ಬದಲಿಸಿ ಇಂಗ್ಲೆಂಡಿನದೆಂದು ಕೊಟ್ಟುಬಿಡೋಣವೇ ಎಂದು ಕೇಳಿದರು. ನಡೆಯುವುದು ನಿಜ. ಹುರಿದ ಕಾಳಿನ ಜೊತೆ ಅದು ರೊಟ್ಟಿಗೆ ಹಚ್ಚಿದ ಬೆಣ್ಣೆಯ ಹಾಗೆ ಹೊಂದಿಕೊಳ್ಳುತ್ತದೆ. ಆದರೆ ಇಷ್ಟು ಕಿತ್ತಳೆ ಸಿಪ್ಪೆ ಇಟ್ಟುಕೊಂಡು ಇಂಗ್ಲೆಂಡಿನವನ ವೇಷ ಹಾಕಿದರೆ ಯಾರು ನಂಬುತ್ತಾರೆ? ನಿಂಬೆ ಶರಬತ್ತಿಗೆ ಬೆಣ್ಣೆ ಹಾಕಿ ಕೊಟ್ಟಂತೆ ಆಗುತ್ತದೆ ಅಂದೆ. ಹಾಗಾದರೆ ಇನ್ನಷ್ಟು ಹಾಪ್ ಹಾಕಿ ಮುಚ್ಚೋಣ ಅಂದರು. ಅದೂ ಬೇಡ ಅಂದೆ. ಹಾಗಾದರೆ ಏನು ಮಾಡಬೇಕು ಅಂದಾಗ ನನಗೆ ಹೇಗೆ ಹೊಳೆಯಿತೋ, ಅವ್ವನ ಮುಖ ನೋಡುತ್ತ ಹೇಳಿದೆ.

"ಸರ್, ಟ್ಯಾಂಕಿನಾಗಿನ ಯೀಸ್ಟೂ ಬಾಣಂತೀನರಿ. ತಾನು ಹಡೆದ ಬೆಣ್ಣಿ ತಾನ ತಿಂದು ಮುಗಿಸೂದಿತ್ತು. ಅಷ್ಟರಾಗ ನೀವು ಲಗೂ ತಂಪಿಗೆ ಹಾಕೀರಿ. ಎರಡು ದಿನ ಬೆಚ್ಚಗೆ ಇಡ್ರಿ, ಅದ ತಿಂತದ."

ಟ್ಯಾಂಕ್ ಬೆಚ್ಚಗೆ ಮಾಡಿದರು. ಇವತ್ತು ಮುಂಜಾನೆ ಕೊಟ್ರೇಶ ಸರ್ ಮತ್ತೆ ಅಂಗೈಯಲ್ಲಿ ಕಾಸಿ ಮೂಸಿ ಫೋನ್ ಮಾಡಿದರು. ಬೆಣ್ಣೆಯ ಸುಳಿವಿಲ್ಲ, ಬರೀ ಕಿತ್ತಳೆ. ಇನ್ನು ಮೇಲೆ ಯಾವ ಟ್ಯಾಂಕೂ ನನ್ನ ಮೂಗು ದಾಟದೆ ಹೊರಗೆ ಹೋಗುವುದಿಲ್ಲವಂತೆ. ಯುಗಾದಿ ಮುಗಿದ ಮೇಲೆ ವಾರದಲ್ಲಿ ಮೂರು ದಿನ ನರಗುಂದದಿಂದ ಹೋಗಿ ಬರುವುದು, ರುಚಿಯ ಕೋಣೆಗೆ ನಾನೇ ಮುಖ್ಯಸ್ಥೆ, ಪಕ್ಕದ ಕೋಣೆಯಲ್ಲಿ ತೊಟ್ಟಿಲು. ಉಮೇಶ ಅವರೂ ಫೋನ್ ಇಸಕೊಂಡು, ಬೆಚ್ಚಗೆ ಮಾಡಿ ನೋಡುವುದನ್ನು ನನಗೂ ಕಲಿಸಬೇಕು ಅಂದರು. ಕಲಿಸುತ್ತೇನೆ. ಆದರೆ ಕಲಿತದ್ದು ರೋಣದ ಬಚ್ಚಲಲ್ಲಿ ಎಂದು ಹೇಳಲೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಮಂಗಳವಾರ ಫೋನಿನ ಮಾತೆಲ್ಲ ಅವ್ವ ಅಲ್ಲೇ ನಿಂತು ಕೇಳಿದ್ದಳು. ಬಿಯರ್ ಅನ್ನುವ ಪದ ಎಷ್ಟು ಸಲ ಬಂತೋ. ಸಂಜೆ ಕೂಸಿಗೆ ಎಣ್ಣೆ ಹಚ್ಚುತ್ತ, ಅದು ಹೊಟ್ಟೆಗೆ ಹೋಯಿತೇನು ಎಂದು ಕೇಳಿದಳು. ಇಲ್ಲ, ಉಗುಳಿದೆ ಅಂದೆ. ಹಾಗಾದರೆ ಇಷ್ಟು ದಿನ ಅಂಜಿದ್ದು ಯಾಕೆ ಅಂದಳು. ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ನೆತ್ತಿ ಮೂಸಿದೆ. ಕೊಬ್ಬರಿ ಎಣ್ಣೆ, ಲೋಬಾನ, ಅವೆರಡರ ಕೆಳಗೆ ಇನ್ನೂ ಹೆಸರಿಲ್ಲದ ಒಂದು ವಾಸನೆ. ಇಂಗ್ಲೆಂಡು, ಅಮೆರಿಕ, ಬೆಲ್ಜಿಯಂ ಯಾವುದರಲ್ಲೂ ಇಲ್ಲದ್ದು. ಅವತ್ತು ಕಾವಲುಗಾರ್ತಿ ಮಲಗಿದಳು, ಅವ್ವ ಎಬ್ಬಿಸುವ ತನಕ.

ಹೆಬ್ಬೆರಳು ಜೋಮು ಹಿಡಿದಿದೆ, ತೊಟ್ಟಿಲು ಅಲುಗುತ್ತಿದೆ. ನಿಲ್ಲಿಸುತ್ತೇನೆ.

ಮೂಗು ಮರಳಿ ಪಡೆದ ನಿನ್ನ
ಶೈಲಶ್ರೀ

ತಾ.ಕ.: ಇಷ್ಟು ಬರೆದು ಮಡಚುವಷ್ಟರಲ್ಲಿ ಅವ್ವ ಬಂದು ಹೇಳಿದಳು, ತಾನು ನಿನ್ನೆಯೇ ನರಗುಂದಕ್ಕೆ ಫೋನ್ ಹಚ್ಚಿ ನಮ್ಮ ಅತ್ತೆ ಮಾನವ್ವನವರಿಗೆ ಎಲ್ಲಾ ಹೇಳಿಬಿಟ್ಟಿರುವುದಾಗಿ. ಇನ್ನು ಕೆಲಸ ಬಿಡಿಸುತ್ತಾರೆ ಅಂದುಕೊಂಡೆ. ಹಿಟ್ಟು ಮುಗ್ಗು ಹಿಡಿದದ್ದನ್ನೂ ಉಪ್ಪಿನಕಾಯಿ ಕೆಟ್ಟದ್ದನ್ನೂ ನಾನು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದುದಕ್ಕೆ ಅತ್ತೆ ಎಷ್ಟೋ ಸಲ ಸಿಡುಕಿದ್ದರು, ನಿನಗೆ ಬರೆದಿದ್ದೆನಲ್ಲ. ಅವರು ಎಲ್ಲವನ್ನೂ ಕೇಳಿ ಅಂದದ್ದು ಇಷ್ಟೇ ಅಂತೆ: "ಮೂಸಿ ನೋಡಾಕ ಪಗಾರ ಕೊಡ್ತಾರ? ನಮ್ಮನ್ಯಾಗ ಎರಡು ವರ್ಷ ಪುಕ್ಕಟೆ ಮೂಸ್ಯಾಳಲ್ಲ! ಹೋಗಲಿ, ಹೋಗಲಿ. ಕೂಸಿನ ಜೋಡಿ ನಾನೂ ಬಸ್ ಹತ್ತತೀನಿ. ತಂಪು ಜಾಗಾದಾಗ ಅದರ ಕಿವಿಗೆ ಅರಿವಿ ಕಟ್ಟೋರು ಯಾರು?"