ಗೋದಲಿಗೆ ಹಾಕಿದ ಹುಲ್ಲು

ಇನ್ನಾಸಿ,

ತಮ್ಮನಾದ ನೀನು ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಈ ಕಾಗದವನ್ನು ಕಳಿಸುವುದಿಲ್ಲ. ಆದರೂ ಇವತ್ತು ಮಾಡಿದ್ದನ್ನು ಒಪ್ಪಿಕೊಳ್ಳುತ್ತೇನೆ.

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಒಳ್ಳೆಯ ಕೆಲಸ ಮಾಡಿದವರು ಸಂಜೆ ಜಪವಾದ ಮೇಲೆ ಖಾಲಿ ಗೋದಲಿಗೆ ಒಂದು ಎಳೆ ರಾಗಿಹುಲ್ಲು ಹಾಕಬೇಕು, ಹುಟ್ಟಲಿರುವ ಬಾಲಯೇಸುವಿಗೆ ಹಾಸಿಗೆ ಮೆತ್ತಗಾಗಲಿ ಎಂದು. ನಿನ್ನೆಯವರೆಗೆ ಮಗಳು ಸ್ಟೆಲ್ಲಾಳದು ಹದಿನಾಲ್ಕು ಎಳೆ, ಅವಳಮ್ಮ ಜಪಮಾಲಾಳದು ಒಂಬತ್ತು, ನನ್ನದು ಸೊನ್ನೆ.

"ಅಂಗಡೀಲಿ ಅಷ್ಟೊಂದು ಮಾತಾಡ್ತೀಯಲ್ಲಪ್ಪ, ಒಂದೂ ಒಳ್ಳೇದು ಮಾಡ್ಲಿಲ್ವಾ?" ಎಂದಳು ಮಗಳು.

"ಮಾಡ್ದೆ ಕಣವ್ವ. ನಿನ್ ಚಿಕ್ಕಪ್ಪಂಗೆ ಫೋನ್ ಮಾಡ್ದೆ," ಎಂದು ಮಾನ ಉಳಿಸಿಕೊಳ್ಳಲು ಒಂದು ಎಳೆ ಹಾಕಿಬಿಟ್ಟೆ.

"ಔದಾ? ಏನಂದ್ರು ನಿಮ್ ತಮ್ಮ?" ಜಪಮಾಲಾ ನನ್ನ ಮುಖವನ್ನೇ ನೋಡಿದಳು.

"ಕ್ರಿಸ್‌ಮಸ್‌ಗೆ ಬತ್ತೀನಿ ಅಂದ."

ಮಗು ಕುಣಿದಾಡಿ ನಿನ್ನ ಹೆಸರಿಗೂ ಒಂದು ಎಳೆ ಹಾಕಿತು. ಜಪಮಾಲಾ ಫೋನ್ ತಂದು ನನ್ನ ಮುಂದಿಟ್ಟಳು.

ಹಾಸನದಲ್ಲಿ ಪಾತ್ರೆ ಅಂಗಡಿ ತೆರೆದ ಮೇಲೆ ಯಾವ ಗಿರಾಕಿಯ ಪ್ರಶ್ನೆಗೂ ತಡವರಿಸಿದವನಲ್ಲ ನಾನು. ಆದರೆ ನೀನು ಫೋನ್ ಎತ್ತಿದರೆ, ಅಮ್ಮ ತೀರಿಕೊಂಡದ್ದನ್ನು ಮಣ್ಣು ಮಾಡಿದ ಮೇಲೆ ಯಾಕೆ ತಿಳಿಸಿದೆ ಎಂದೇ ಮೊದಲು ಕೇಳುತ್ತೀಯ.

ಸ್ಟೆಲ್ಲಾ ಪಕ್ಕದಲ್ಲೇ ಕೂತಿದ್ದಾಳೆ. "ಸ್ಪೀಕರ್ ಹಾಕಪ್ಪ, ನಾನೂ ಕೇಳಿಸ್ಕೋಬೇಕು," ಅನ್ನುತ್ತಿದ್ದಾಳೆ.