ಬರೀ ಮಾತಾಡುವ ಕೋಣೆ

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿರುವ ಆನುವಂಶಿಕ ಸಮಾಲೋಚನಾ ಕೊಠಡಿಯನ್ನು ಬರುವ ತಿಂಗಳಿಂದ ಮುಚ್ಚುತ್ತೀರಂತೆ. ಬಾಗಿಲಿಗೆ ಅಂಟಿಸಿರುವ ಸುತ್ತೋಲೆಯನ್ನು ನಿಂತು ಓದಿದೆ. "ಸದರಿ ಕೊಠಡಿಯಲ್ಲಿ ಯಾವುದೇ ಚಿಕಿತ್ಸೆ ನಡೆಯುತ್ತಿರುವುದು ಕಂಡುಬಂದಿರುವುದಿಲ್ಲ, ಮಾತುಕತೆ ಮಾತ್ರ ನಡೆಯುತ್ತಿರುತ್ತದೆ. ಆದ್ದರಿಂದ ಕೊಠಡಿಯನ್ನು ಮುರಿದ ಗಾಲಿಕುರ್ಚಿಗಳ ದಾಸ್ತಾನಿಗೆ ಬಳಸಿಕೊಂಡು, ಕುಟುಂಬಗಳಿಗೆ ಮಾಹಿತಿ ಕರಪತ್ರ ವಿತರಿಸತಕ್ಕದ್ದು." ಎಂಥ ಪತ್ತೇದಾರಿಕೆ, ಮಾನ್ಯರೇ! ಮಾತಾಡಲೆಂದೇ ಇಟ್ಟ ಕೋಣೆಯಲ್ಲಿ ಜನ ಮಾತಾಡುತ್ತಿದ್ದುದನ್ನು ಕಳ್ಳರನ್ನು ಹಿಡಿದ ಹಾಗೆ ಹಿಡಿದುಬಿಟ್ಟಿರಲ್ಲ! ನಾಳೆ ಔಷಧದ ಅಂಗಡಿಯಲ್ಲಿ ಮಾತ್ರೆ ಮಾರುತ್ತಿರುವುದು ನಿಮ್ಮ ಕಣ್ಣಿಗೆ ಬಿದ್ದರೆ ಅದರ ಗತಿಯೇನು?

ನಾನು ಬ್ಯೂಟಿ ಪಾರ್ಲರ್ ನಡೆಸುವವಳು. ಕೂದಲು ಕತ್ತರಿಸುತ್ತ ದಿನವಿಡೀ ಜನರ ಮಾತು ಕೇಳುತ್ತೇನೆ. ಹಾಗಾಗಿ ಮಾತೂ ಒಂದು ಕೆಲಸವೆಂದು ನಂಬುವ ದುರಭ್ಯಾಸ ನನಗಿದೆ. ಹೊತ್ತು ಮುಳುಗುವ ಮುಂಚೆಯೇ ಅಂಗಡಿಗೆ ಬೀಗ ಹಾಕುತ್ತೇನೆ. ಗಿರಾಕಿಗಳು ಅದನ್ನು ಶಿಸ್ತು ಅನ್ನುತ್ತಾರೆ. ನಿಜವೇನೆಂದರೆ, ಮಬ್ಬುಗತ್ತಲಾದರೆ ನನಗೆ ಎದುರಿನ ಮೆಟ್ಟಿಲು ಕಾಣುವುದಿಲ್ಲ. ಈ ಶಿಸ್ತು ನಮ್ಮ ವಂಶದ್ದು. ತೀರಿಕೊಂಡ ನಮ್ಮಪ್ಪ ಸಿನಿಮಾ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದರು. ಕತ್ತಲಲ್ಲಿ ಟಾರ್ಚ್ ಹಿಡಿದರೆ ಯಾಕೆಂದು ಯಾರೂ ಕೇಳದ ಕೆಲಸ ಲೋಕದಲ್ಲಿ ಬಹುಶಃ ಅದೊಂದೇ. ಅಪ್ಪ ಹುಡುಕಿಕೊಂಡು ಹೋಗಿ ಸೇರಿದ್ದರು. ಮಾಲೀಕರು ಅವರ ಶ್ರದ್ಧೆಯನ್ನು ಮೆಚ್ಚಿದ್ದೇ ಮೆಚ್ಚಿದ್ದು. ಚಹಾ ಕುಡಿಯಲು ಹೊರಗೆ ಹೋದರೂ ಟಾರ್ಚ್ ಆರಿಸುತ್ತಿರಲಿಲ್ಲವಲ್ಲ! ಚಿಕ್ಕಪ್ಪ ಸಂಜೆಯಾದರೆ ವಿದ್ಯುತ್ ಕಂಬಕ್ಕೆ ಡಿಕ್ಕಿ ಹೊಡೆದು ನಗರಸಭೆಯನ್ನು ಬೈಯುತ್ತಾರೆ. ಸೋದರತ್ತೆ ಬೀದಿಯಲ್ಲಿ ಎದುರು ಬಂದವರನ್ನು ಮಾತಾಡಿಸುವುದಿಲ್ಲ. ಜನ ಅದನ್ನು ಜಂಬ ಅಂದರು, ಅತ್ತೆ ಹೌದೆಂದು ತಲೆ ಇನ್ನಷ್ಟು ಎತ್ತಿ ನಡೆದರು.

ಚಿಕ್ಕಂದಿನಲ್ಲಿ ನನ್ನ ಕಣ್ಣಿನ ಸುದ್ದಿ ಬಯಲಾದಾಗ ಇದೇ ಅತ್ತೆ, "ಇದು ಅತ್ತಿಗೆ ಕಡೆಯಿಂದ ಬಂದಿದ್ದು. ನಮ್ಮ ಮನೇಲಿ ಯಾರಿಗಿತ್ತು ಹೇಳಿ?" ಎಂದು ತೀರ್ಪು ಕೊಟ್ಟರು. ಅಮ್ಮನ ತಲೆಗೆ ಕಟ್ಟಿದ ಆ ತೀರ್ಪು ಅವಳ ತಲೆ ನರೆಯುವವರೆಗೂ ಹಾಗೇ ಇತ್ತು.

ಇತ್ತೀಚೆಗೆ ನಿಮ್ಮಲ್ಲಿನ ಕಣ್ಣಿನ ಡಾಕ್ಟರು ನನ್ನನ್ನು ಆ ಮೂಲೆ ಕೋಣೆಗೆ ಕಳಿಸಿದರು. ಅಲ್ಲಿನ ಆಪ್ತಸಮಾಲೋಚಕಿ, "ಒಬ್ಬರೇ ಬಂದರೆ ಆಗಲ್ಲ, ಮನೆಯವರನ್ನೆಲ್ಲಾ ಕರ್ಕೊಂಡು ಬನ್ನಿ" ಎಂದರು. ಬಂದೆವು. ಬಾಗಿಲಲ್ಲಿ ನಿಮ್ಮ ಕಾವಲುಗಾರ ಕೈ ಅಡ್ಡ ಇಟ್ಟ.

"ಒಬ್ಬರು ಪೇಷೆಂಟು, ಜೊತೆಗೊಬ್ಬರು. ಅಷ್ಟೇ ರೂಲ್ಸು. ನಿಮ್ಮಲ್ಲಿ ಪೇಷೆಂಟ್ ಯಾರು?"

ಚಿಕ್ಕಪ್ಪ ನನ್ನ ಕಡೆ ಬೆರಳು ಮಾಡಿದರು. ನಾನು ಅತ್ತೆಯ ಕಡೆ. ಅತ್ತೆ, ಹಳೇ ಅಭ್ಯಾಸದಂತೆ, ಅಮ್ಮನ ಕಡೆ.

"ನನಗೇನೂ ಆಗಿಲ್ಲಪ್ಪಾ," ಎಂದಳು ಅಮ್ಮ. "ಬೈಸ್ಕೊಳ್ಳೋಕೆ ಒಬ್ಬರು ಬೇಕಲ್ಲ, ಅದಕ್ಕೆ ಕರ್ಕೊಂಡು ಬಂದಿದ್ದಾರೆ."

ನನ್ನ ಮಗಳು ಮುಂದೆ ಬಂದು, "ಅಣ್ಣಾ, ಪೇಷೆಂಟ್ ಯಾರು ಅಂತ ಕೇಳೋಕೇ ನಾವು ಒಳಗೆ ಹೋಗ್ತಿರೋದು" ಎಂದಳು.

"ಹೋಗ್ರಪ್ಪಾ, ಹೋಗಿ. ತಲೆ ತಿನ್ಬೇಡಿ" ಎಂದು ಆತ ದಾರಿ ಬಿಟ್ಟ. ಅದಕ್ಕಾಗಿ ಅವನಿಗೆ ಕಾರಣ ಕೇಳಿ ನೋಟಿಸ್ ಕೊಡುವಿರಾದರೆ ನನ್ನ ವಿಳಾಸಕ್ಕೂ ಒಂದು ಕಳಿಸಿ. ಆದರೆ ಅದಕ್ಕೂ ಮೊದಲು ಯೋಚಿಸಿ, ಮಾನ್ಯರೇ: ಜ್ವರ ಬಂದರೆ ಒಬ್ಬರು ಮಲಗುತ್ತಾರೆ, ಒಬ್ಬರು ಗಂಜಿ ಕಾಯಿಸುತ್ತಾರೆ, ನಿಮ್ಮ ನಿಯಮ ಅಲ್ಲಿಗೆ ಸರಿ. ಹುಟ್ಟಿನೊಂದಿಗೆ ಹರಿದು ಬರುವ ಕಾಯಿಲೆಗೆ ಇಡೀ ಮನೆಯೇ ಪೇಷೆಂಟು. ಅದರಲ್ಲಿ 'ಜೊತೆಗೊಬ್ಬರು' ಎಂದು ಯಾರನ್ನು ಆರಿಸೋಣ?

ಒಳಗೆ ಸಮಾಲೋಚಕಿ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ವಂಶವೃಕ್ಷ ಬರೆಯಲು ಕೂತರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಣ್ಣಿನ ತೊಂದರೆ ಇದ್ದವರಿಗೆ ಒಳಗೆ ಕಪ್ಪು. ಶುರುವಿನಲ್ಲೇ ಜಗಳ. "ನನ್ನ ಸೊನ್ನೆ ಅತ್ತಿಗೆ ಸೊನ್ನೆಗಿಂತ ಯಾಕೆ ಚಿಕ್ಕದು?" ಎಂದರು ಅತ್ತೆ. ಆಕೆ ನಗದೆ ಅಳಿಸಿ ದೊಡ್ಡದು ಮಾಡಿದರು. ಅಷ್ಟು ತಾಳ್ಮೆಗೇ ಅವರಿಗೆ ಬಡ್ತಿ ಕೊಡಬೇಕು. ನೀವು ಟೋಕನ್ ಹಂಚುವ ಕೆಲಸ ಕೊಡುತ್ತಿದ್ದೀರೆಂದು ಕೇಳಿದೆ. ತಾತ ಬೆಳಕಿರುವಾಗಲೇ ಉಂಡು ಮಲಗಿಬಿಡುತ್ತಿದ್ದುದು ಚಿಕ್ಕಪ್ಪನಿಗೆ ನೆನಪಾಯಿತು. ತಾತನ ಚೌಕ ಕಪ್ಪಾಯಿತು. ಆಮೇಲೆ ಅಪ್ಪನದು, ಚಿಕ್ಕಪ್ಪನದು, ಅವರ ದೊಡ್ಡ ಮಗನದು, ಕೊನೆಗೆ ನನ್ನ ಸೊನ್ನೆ.

"ನನ್ನ ಕಣ್ಣು ಸರಿಯಾಗಿದೆ" ಎಂದರು ಅತ್ತೆ, ಯಾರೂ ಕೇಳುವ ಮೊದಲೇ.

"ಸಂಜೆ ಹೊತ್ತು ಎದುರಿಗೆ ಬಂದೋರ ಮುಖ ಗೊತ್ತಾಗುತ್ತಾಮ್ಮಾ?"

"ಕಂಡೋರ ಮುಖ ಕಟ್ಕೊಂಡು ನನಗೇನಾಗಬೇಕು?"

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಹಾಳೆಯನ್ನೇ ನೋಡುತ್ತ, "ಬಳೀರಿ, ಅದನ್ನೂ ಬಳೀರಿ" ಎಂದರು. ಕಪ್ಪೆಲ್ಲ ಅಪ್ಪನ ಕಡೆ ಇತ್ತು. ಅಮ್ಮನ ಕಡೆ ಬೆಳ್ಳಗೆ ಖಾಲಿ.

"ಇದು ಯಾರ ತಪ್ಪೂ ಅಲ್ಲ," ಎಂದರು ಸಮಾಲೋಚಕಿ. "ಯಾರೂ ಬೇಕು ಅಂತ ಕೊಟ್ಟಿದ್ದಲ್ಲ, ಬೇಕು ಅಂತ ತಗೊಂಡಿದ್ದೂ ಅಲ್ಲ."

ಅತ್ತೆ ಅಮ್ಮನ ಕಡೆ ತಿರುಗಿದರು. "ಅತ್ತಿಗೆ, ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ನೀವು ನನಗೆ ತಿರುಗಿ ಬೈಬಾರ್ದಿತ್ತಾ?"

"ಬೈದಿದ್ದೀನಿ ಬಿಡು," ಎಂದಳು ಅಮ್ಮ. "ನಿನಗೆ ಕೇಳಿಸದ ಹಾಗೆ."

ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೇಳಿ ಮಾನ್ಯರೇ, ನಿಮ್ಮ ಕರಪತ್ರದ ಯಾವ ಪುಟದಲ್ಲಿ ಇದು ಅಚ್ಚಾಗಿದೆ? ಕರಪತ್ರ ಅತ್ತೆಯ ಸೊನ್ನೆಯನ್ನು ದೊಡ್ಡದು ಮಾಡುತ್ತದೆಯೇ? ಕಾಯಿಲೆ ಇದ್ದವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಕೇಳಿ, "ಹಾಗಾದ್ರೆ ನಮ್ಮ ದೊಡ್ಡವನಿಗೆ ಬಂದಾಯ್ತು, ಚಿಕ್ಕವನು ಬಚಾವ್!" ಎಂದು ಲೆಕ್ಕ ಮುಗಿಸಿದ ಚಿಕ್ಕಪ್ಪನ ಮುಂದೆ ನಾಣ್ಯ ಚಿಮ್ಮಿ, ಹಿಂದಿನ ಸಲ ಏನು ಬಿತ್ತೆಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ ಎಂದು ಮತ್ತೆ ಮತ್ತೆ ತೋರಿಸುತ್ತದೆಯೇ? ನೋಟ ಬರಬರುತ್ತ ಕುಗ್ಗುತ್ತದೆ, ಸದ್ಯಕ್ಕೆ ಇದನ್ನು ಪೂರ್ತಿ ವಾಸಿ ಮಾಡುವ ಮದ್ದಿಲ್ಲ ಎಂಬುದನ್ನೂ ಆಕೆ ಮುಚ್ಚಿಡಲಿಲ್ಲ. ಉಳಿದ ನೋಟವನ್ನು ಹೇಗೆ ಜೋಪಾನ ಮಾಡಬೇಕು, ಮನೆಯಲ್ಲಿ ದೀಪ ಎಲ್ಲೆಲ್ಲಿರಬೇಕು, ಕೋಲು ಹಿಡಿಯಲು ಯಾಕೆ ನಾಚಬಾರದು, ಎಲ್ಲ ಹೇಳಿದರು. ಕಾಯಿಲೆ ಇಳಿದು ಬಂದಿದೆಯೇ ಎಂದು ಮೊದಲೇ ತಿಳಿಸುವ ರಕ್ತಪರೀಕ್ಷೆಯ ಮಾತು ಬಂದಾಗ ಅತ್ತೆ, "ಮೊಮ್ಮಗಳು ಮಾಡಿಸ್ಬೇಕೋ ಬೇಡ್ವೋ, ನೀವೇ ಒಂದು ಹೇಳಿಬಿಡಿ" ಎಂದು ಪಟ್ಟು ಹಿಡಿದರು. ಆಕೆ ನನ್ನ ಮಗಳನ್ನೇ ನೋಡುತ್ತ ಹೇಳಿದರು: "ತಿಳ್ಕೊಳ್ಳೋದು ನಿಮ್ಮ ಹಕ್ಕು. ತಿಳ್ಕೊಳ್ಳದೆ ಇರೋದೂ ನಿಮ್ಮ ಹಕ್ಕೇ. ಯೋಚಿಸಿ ಬನ್ನಿ, ಮಾತಾಡೋಣ."

ಅವಳು ಯೋಚಿಸಿ ಬರಬೇಕಾದ ದಿನ ಬರುವ ತಿಂಗಳಲ್ಲಿದೆ. ಅಂದರೆ ನಿಮ್ಮ ಮುರಿದ ಗಾಲಿಕುರ್ಚಿಗಳ ನಡುವೆ.

ಮಗಳಿಗೆ ಮದುವೆಯಾಗಿದೆ, ಮಗು ಬೇಕೆಂಬ ಆಸೆಯಿದೆ. ಮೊನ್ನೆ ಪಾರ್ಲರಿನಲ್ಲಿ ಅವಳ ತಲೆ ಬಾಚುತ್ತಿದ್ದೆ. "ಅಮ್ಮಾ, ಒಂದು ಕೇಳ್ಲಾ?" ಎಂದಳು. "ಕೇಳೇ" ಎಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. "ಏನಿಲ್ಲ ಬಿಡು. ತುದಿ ಸ್ವಲ್ಪ ಕತ್ತರಿಸು" ಎಂದಳು. ಅವಳು ನುಂಗಿಕೊಂಡ ಪ್ರಶ್ನೆ ನನಗೆ ಗೊತ್ತು. ಹೆತ್ತವಳಿಗೆ ಗೊತ್ತಾಗದೇ ಇರುತ್ತದೆಯೇ? ಇದು ನನಗೂ ಬರಬಹುದು ಅಂತ ಮೊದಲೇ ಗೊತ್ತಿದ್ದರೆ ನೀನು ನನ್ನನ್ನು ಹೆರುತ್ತಿದ್ದೆಯಾ?

ಹೆರುತ್ತಿದ್ದೆ ಎನ್ನಲು ನಾನು ಉಸಿರು ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಮನೆಯಲ್ಲಿ ಹೇಳಹೊರಟರೆ ನಾನು ಅಳುತ್ತೇನೆ, ಅವಳು ನನ್ನನ್ನು ಸಮಾಧಾನ ಮಾಡುತ್ತಾಳೆ, ಅವಳ ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ. ಆದ್ದರಿಂದ ಸುತ್ತೋಲೆಯನ್ನು ವಾಪಸು ಪಡೆಯಿರಿ. ಸಮಾಲೋಚಕಿಯನ್ನು ಅವರ ಜಾಗದಲ್ಲೇ ಇರಗೊಡಿ. ಆ ಬಾಗಿಲಿಗೆ ನಿಮ್ಮ 'ಜೊತೆಗೊಬ್ಬರು' ನಿಯಮವನ್ನು ಹಚ್ಚಬೇಡಿ. ಸಾಧ್ಯವಾದರೆ ಇನ್ನೆರಡು ಕುರ್ಚಿ ಹಾಕಿಸಿ, ಮುರಿಯದಿರುವಂಥವು. ಇಲ್ಲವೆಂದಾದರೆ ನೀವೇ ಹೇಳಿ ಮಾನ್ಯರೇ, ನನ್ನ ಮಗಳು ಆ ಪ್ರಶ್ನೆಯನ್ನು ಎಲ್ಲಿ ಕೂತು ಕೇಳಬೇಕು?

ಇಂತಿ,
ಉತ್ತರವನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿರುವ
ಅವಳ ತಾಯಿ